ಸ್ವಿಟ್ಜರ್ಲೆಂಡಿನ ಹಸಿರನ್ನು ಕಾದ ಗೆರೆ

ಸ್ವಿಟ್ಜರ್ಲೆಂಡಿನ ಯಾವುದಾದರೂ ಊರಿನಲ್ಲಿ ಒಂದು ಗಂಟೆ ಕಾಲಾಡಿಸಿದರೆ ಅಪರಿಚಿತರಿಗೆ ಅರ್ಥವಾಗದ ಒಂದು ನೋಟ ಎದುರಾಗುತ್ತದೆ. ಖಾಲಿ ಜಾಗದಲ್ಲೋ ಹಳೆಯ ಮನೆಯೊಂದರ ಸುತ್ತಲೋ ತೆಳ್ಳನೆಯ ಎತ್ತರದ ಕಂಬಗಳು ನಿಂತಿರುತ್ತವೆ. ತಂತಿ ಇಲ್ಲ, ದೀಪ ಇಲ್ಲ, ಬಾವುಟವೂ ಇಲ್ಲ. ಕೆಲವು ಕಂಬಗಳ ತುದಿಯಲ್ಲಿ ಓರೆಯಾಗಿ ಬಡಿದ ಒಂದು ಪಟ್ಟಿ ಮಾತ್ರ. ಅಲ್ಲಿ ಯಾರೋ ಮನೆ ಕಟ್ಟಲು ಹೊರಟಿದ್ದಾರೆ ಎಂದು ಅದರ ಅರ್ಥ. ಕಂಬ ನಿಂತ ಜಾಗ ಮನೆಯ ಮೂಲೆ, ಕಂಬದ ಎತ್ತರ ಗೋಡೆಯ ಎತ್ತರ, ಓರೆಪಟ್ಟಿ ಮಾಡಿನ ಇಳಿಜಾರು. ಜರ್ಮನ್ ಮಾತಾಡುವವರು ಇದನ್ನು ಬೌಗೆಷ್ಪಾನ್ ಎನ್ನುತ್ತಾರೆ. ಪರವಾನಗಿ ಕೊಡುವ ಮೊದಲು, ಅರ್ಜಿ ಸಾರ್ವಜನಿಕರ ಮುಂದಿರುವಷ್ಟು ದಿನವೂ ಈ ಕಂಬಗಳು ನಿಂತಿರಬೇಕು. ಬರಲಿರುವ ಮನೆ ನಮ್ಮ ಕಿಟಕಿಗೆ ಎಷ್ಟು ಅಡ್ಡ ಬರುತ್ತದೆ, ಬೆಟ್ಟದ ನೋಟ ಎಷ್ಟು ಮರೆಯಾಗುತ್ತದೆ ಎಂದು ನೆರೆಯವರು ನಿಂತು ನೋಡುತ್ತಾರೆ. ತಕರಾರಿದ್ದರೆ ಬರೆದು ಕೊಡುತ್ತಾರೆ.

ನನಗೆ ಆ ದೇಶದ ಹಿಮಶಿಖರಗಳಿಗಿಂತ ಈ ಕಂಬಗಳೇ ಹೆಚ್ಚು ಮಾತಾಡುವಂತೆ ಕಾಣುತ್ತವೆ. ಸ್ವಿಟ್ಜರ್ಲೆಂಡನ್ನು ನಾವು ಮೊದಲು ನೋಡಿದ್ದು ಸಿನಿಮಾ ಹಾಡುಗಳಲ್ಲಿ. ಇಳಿಜಾರು ಹುಲ್ಲುಗಾವಲು, ಗಂಟೆ ಕಟ್ಟಿಕೊಂಡ ಹಸು, ಕಂದು ಮರದ ಮನೆ, ಹಿಂದೆ ಬೆಟ್ಟ. ದೇವರು ಅಂಥ ಜಾಗ ಕೊಟ್ಟಿದ್ದಾನೆ, ಅವರು ಇಟ್ಟುಕೊಂಡಿದ್ದಾರೆ ಎಂದು ನಾವು ಅಂದುಕೊಂಡುಬಿಟ್ಟೆವು. ಬೆಟ್ಟ ದೇವರದ್ದೇ ಇರಬಹುದು. ಆದರೆ ಊರು ಮುಗಿದ ಕೂಡಲೇ ಹುಲ್ಲುಗಾವಲು ಶುರುವಾಗುತ್ತದಲ್ಲ, ಆ ಅಂಚು ಮನುಷ್ಯರು ಎಳೆದದ್ದು. ಅದು ನಕ್ಷೆಯ ಮೇಲಿನ ಒಂದು ಗೆರೆ. ಆ ಗೆರೆಗಾಗಿ ಆ ದೇಶದ ಜನ ನೂರೈವತ್ತು ವರ್ಷಗಳಿಂದ ಜಗಳವಾಡಿದ್ದಾರೆ, ಮತ ಹಾಕಿದ್ದಾರೆ, ಸೋತಿದ್ದಾರೆ, ಮತ್ತೆ ಮತ ಹಾಕಿದ್ದಾರೆ.

ಮೊದಲು ಜಾಗದ ಲೆಕ್ಕ ನೋಡೋಣ. ಇಡೀ ದೇಶದ ವಿಸ್ತೀರ್ಣ 41,285 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲಿ ಕಾಲು ಭಾಗ ಬಂಡೆ, ಮಂಜು, ನೀರು. ಅಲ್ಲಿ ಬೆಳೆಯೂ ಇಲ್ಲ, ಮನೆಯೂ ಇಲ್ಲ. ಮೂರನೇ ಒಂದು ಭಾಗದ ಆಸುಪಾಸು ಕಾಡು. ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಕೃಷಿ ಮತ್ತು ಮೇವಿನ ಭೂಮಿ. ಮನೆ, ಕಾರ್ಖಾನೆ, ರಸ್ತೆ, ರೈಲು, ಆಟದ ಮೈದಾನ ಎಲ್ಲ ಸೇರಿ ಶೇ 8ರ ಹತ್ತಿರ. ಕೇಳಿದರೆ ಜಾಗ ಬೇಕಾದಷ್ಟಿದೆ ಅನ್ನಿಸುತ್ತದೆ. ಆದರೆ 1960ರಲ್ಲಿ ಸುಮಾರು 54 ಲಕ್ಷವಿದ್ದ ಜನಸಂಖ್ಯೆ ಈಗ 90 ಲಕ್ಷ ಮುಟ್ಟಿದೆ. ಅವರಲ್ಲಿ ಮೂರನೇ ಎರಡು ಭಾಗದಷ್ಟು ಜನ ಇರುವುದು ಜಿನೀವಾ ಸರೋವರದಿಂದ ಕಾನ್‌ಸ್ಟೆನ್ಸ್ ಸರೋವರದವರೆಗೆ ಹಬ್ಬಿದ ಒಂದೇ ಪಟ್ಟಿಯಲ್ಲಿ. ಆಲ್ಪ್ಸ್ ಮತ್ತು ಜೂರಾ ಬೆಟ್ಟಗಳ ನಡುವಿನ ಈ ತಗ್ಗು ನಾಡಿಗೆ ಮಿಟ್ಟೆಲ್‌ಲಾಂಡ್ ಎಂದು ಹೆಸರು. ಒಳ್ಳೆಯ ಉಳುಮೆಯ ಮಣ್ಣಿರುವುದೂ ಅಲ್ಲಿಯೇ. ಕಟ್ಟಲು ಸುಲಭವಾದ ನೆಲವೂ ಬೆಳೆಯಲು ಯೋಗ್ಯವಾದ ನೆಲವೂ ಒಂದೇ ಆಗಿರುವುದರಿಂದ ಒಂದು ಬೆಳೆದಷ್ಟೂ ಇನ್ನೊಂದು ಕರಗುತ್ತದೆ. 1985ರಿಂದ 2009ರವರೆಗಿನ ಅಳತೆಯ ಪ್ರಕಾರ ಆ ದೇಶ ಪ್ರತಿ ಸೆಕೆಂಡಿಗೆ ಒಂದು ಚದರ ಮೀಟರಿಗಿಂತ ಹೆಚ್ಚು ಕೃಷಿ ಭೂಮಿ ಕಳೆದುಕೊಂಡಿತು. ಅದರಲ್ಲಿ ಹೆಚ್ಚಿನದು ಕಟ್ಟಡಗಳ ಪಾಲಾಯಿತು. ಬೆಟ್ಟದ ಮೇಲಿನದನ್ನು ಕಾಡು ತಿಂದಿತು.

ಗೆರೆ ಎಳೆಯುವ ಅಭ್ಯಾಸ ಅವರಿಗೆ ಕಾಡಿನಿಂದ ಬಂತು ಎಂದು ನಾನು ನಂಬಿದ್ದೇನೆ. ಗೊಟ್ಹಾರ್ಡ್ ಕಣಿವೆದಾರಿಯ ಕೆಳಗಿನ ಆಂಡರ್‌ಮಾಟ್ ಎಂಬ ಊರಿನ ಹಿಂದೆ ಬೋಳು ಬೆಟ್ಟದ ನಡುವೆ ಒಂದು ಸಣ್ಣ ತ್ರಿಕೋನದ ಕಾಡಿದೆ. 1397ರಲ್ಲೇ ಊರವರು ಒಂದು ಪತ್ರ ಮಾಡಿಕೊಂಡು ಆ ಕಾಡಿನಲ್ಲಿ ಕೊಡಲಿ ಹಾಕುವುದನ್ನು ನಿಷೇಧಿಸಿದರು. ಕಾರಣ ದೇವರ ಕಾಡು ಎಂಬ ಭಕ್ತಿಯಲ್ಲ. ಚಳಿಗಾಲದಲ್ಲಿ ಮೇಲಿನಿಂದ ಜಾರಿ ಬರುವ ಹಿಮರಾಶಿಯನ್ನು ತಡೆಯಲು ಆ ಮರಗಳ ಹೊರತು ಬೇರೇನೂ ಇರಲಿಲ್ಲ. ಒಂದು ಮರ ಕಡಿದರೆ ಒಂದು ಮನೆ ಹೋದಂತೆ ಎಂದು ಅವರಿಗೆ ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಇಡೀ ದೇಶ ಅದನ್ನು ಮರೆತಿತ್ತು. ಸೌದೆಗೆ, ಇದ್ದಿಲಿಗೆ, ರೈಲಿನ ಕೆಳಹಲಗೆಗೆ ಬೆಟ್ಟದ ಮರಗಳೆಲ್ಲ ಉರುಳಿದವು. 1868ರ ಭೀಕರ ನೆರೆಗೆ ಬೋಳಾದ ಬೆಟ್ಟಗಳೇ ಕಾರಣ ಎಂಬ ಮಾತು ಬಲವಾಯಿತು, 1876ರಲ್ಲಿ ಒಕ್ಕೂಟದ ಅರಣ್ಯ ಕಾನೂನು ಬಂತು. ಅದರ ತಿರುಳು ಸರಳ: ಕಾಡಿನ ವಿಸ್ತೀರ್ಣ ಕಡಿಮೆಯಾಗಕೂಡದು. ಅನಿವಾರ್ಯವಾಗಿ ಒಂದು ಕಡೆ ಕಡಿದರೆ ಅಷ್ಟೇ ಜಾಗದಲ್ಲಿ ಇನ್ನೊಂದು ಕಡೆ ಬೆಳೆಸಬೇಕು. ಮೊದಲು ಎತ್ತರದ ಬೆಟ್ಟಗಳಿಗೆ ಮಾತ್ರ ಇದ್ದ ನಿಯಮ ಆಮೇಲೆ ಇಡೀ ದೇಶಕ್ಕೆ ಬಂತು. ಇವತ್ತು ಜ್ಯೂರಿಕ್‌ನಂಥ ದುಬಾರಿ ನಗರದ ಸುತ್ತ, ಟ್ರಾಮ್ ಇಳಿದು ನಡೆದರೆ ಸಿಗುವಷ್ಟು ಹತ್ತಿರದಲ್ಲಿ ಕಾಡು ಉಳಿದಿದ್ದರೆ ಅದಕ್ಕೆ ಈ ಕಾನೂನೇ ಕಾರಣ. ಕಾಡಿನ ಅಂಚು ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಜನರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ ಅದರ ಬಗ್ಗೆ ಯಾರೂ ವಾದಿಸುವುದೇ ಇಲ್ಲ.

ಆದರೆ ಕಾಡನ್ನು ಕಾದ ಕಾನೂನು ಹೊಲವನ್ನು ಕಾಯಲಿಲ್ಲ. ಕಾಡು ಕಡಿಯುವಂತಿಲ್ಲ ಎಂದಾದಾಗ ಕಟ್ಟುವವರೆಲ್ಲ ಹೊಲದ ಕಡೆ ತಿರುಗಿದರು. ಎರಡನೇ ಮಹಾಯುದ್ಧದ ನಂತರ ಹಣ ಹರಿದು ಬಂತು, ಕಾರು ಬಂತು, ಹೊಲದ ನಡುವೆ ಎಲ್ಲಿ ಬೇಕೆಂದರಲ್ಲಿ ಮನೆ ಎದ್ದಿತು. ಅದಕ್ಕೆ ಮೊದಲ ಕಡಿವಾಣ ಹಾಕಿದ್ದು ಸೌಂದರ್ಯಪ್ರಜ್ಞೆಯಲ್ಲ, ಕೊಳಚೆ ನೀರು. ಸರೋವರಗಳು ನೊರೆ ಮತ್ತು ಪಾಚಿಯಿಂದ ತುಂಬಿ ಕೆಲವೆಡೆ ಈಜುವುದನ್ನೇ ನಿಷೇಧಿಸಬೇಕಾಯಿತು. 1971ರ ಜಲ ಸಂರಕ್ಷಣಾ ಕಾನೂನು ಒಂದು ಷರತ್ತು ಹಾಕಿತು: ಒಳಚರಂಡಿ ಯೋಜನೆ ಇರುವ ಪ್ರದೇಶದ ಹೊರಗೆ ಮನೆ ಕಟ್ಟುವುದಕ್ಕೆ ಸುಲಭವಾಗಿ ಅನುಮತಿ ಇಲ್ಲ. ಹೀಗೆ ಒಳಚರಂಡಿಯ ಕೊಳವೆ ಎಲ್ಲಿ ಮುಗಿಯುತ್ತದೋ ಊರು ಅಲ್ಲಿಗೆ ಮುಗಿಯಿತು. ಇಡೀ ದೇಶಕ್ಕೆ ಅನ್ವಯಿಸಿದ ಮೊದಲ ಊರಂಚಿನ ಗೆರೆ ಎಳೆದದ್ದು ಚರಂಡಿ ಎಂಜಿನಿಯರ್‌ಗಳು. ಭೂಬಳಕೆಯ ಇತಿಹಾಸದಲ್ಲಿ ನನಗೆ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು.

ಅದಕ್ಕೆ ಎರಡು ವರ್ಷ ಮೊದಲು, 1969ರ ಸೆಪ್ಟೆಂಬರಿನಲ್ಲಿ, ಭೂಬಳಕೆಯ ಬಗ್ಗೆ ಕಾನೂನು ಮಾಡುವ ಅಧಿಕಾರವನ್ನು ಜನ ಮತ ಹಾಕಿ ಸಂವಿಧಾನಕ್ಕೆ ಸೇರಿಸಿದ್ದರು. ಆದರೆ ಆ ಅಧಿಕಾರದಡಿ ಸಂಸತ್ತು ಮಾಡಿದ ಮೊದಲ ಕಾನೂನನ್ನು 1976ರ ಜನಮತದಲ್ಲಿ ಅದೇ ಜನ ಕೂದಲೆಳೆಯ ಅಂತರದಲ್ಲಿ ತಿರಸ್ಕರಿಸಿದರು. ರಾಜಧಾನಿ ಬರ್ನ್‌ನಲ್ಲಿ ಕೂತವರು ನಮ್ಮ ಹೊಲದ ಹಣೆಬರಹ ಬರೆಯುವುದು ಬೇಡ ಎಂಬ ಭಾವನೆ ಅಲ್ಲಿ ಆಳವಾದದ್ದು. ಸಡಿಲಗೊಳಿಸಿದ ಎರಡನೇ ಕಾನೂನು 1979ರಲ್ಲಿ ಬಂದು 1980ರ ಜನವರಿ 1ರಿಂದ ಜಾರಿಯಾಯಿತು. ಇವತ್ತಿಗೂ ಎಲ್ಲದಕ್ಕೂ ಆಧಾರ ಅದೇ.

ಅದರ ಕೆಲಸದ ಬಗೆ ಹೀಗೆ. ಒಕ್ಕೂಟ ಸರ್ಕಾರ ತತ್ತ್ವ ಹೇಳುತ್ತದೆ: ನೆಲವನ್ನು ಮಿತವಾಗಿ ಬಳಸಬೇಕು, ಕಟ್ಟುವ ಜಾಗವೂ ಕಟ್ಟಬಾರದ ಜಾಗವೂ ಬೇರೆ ಬೇರೆ ಇರಬೇಕು. ದೇಶದ 26 ಕ್ಯಾಂಟನ್‌ಗಳು, ಅಂದರೆ ಅಲ್ಲಿನ ರಾಜ್ಯಗಳು, ತಮ್ಮ ತಮ್ಮ ದಿಕ್ಸೂಚಿ ಯೋಜನೆ ಮಾಡುತ್ತವೆ. ಯಾವ ಪಟ್ಟಣ ಬೆಳೆಯಬೇಕು, ಯಾವ ಕಣಿವೆ ಹಾಗೇ ಇರಬೇಕು ಎಂದು ಅದು ಹೇಳುತ್ತದೆ. ಒಕ್ಕೂಟ ಸರ್ಕಾರ ಅದಕ್ಕೆ ಒಪ್ಪಿಗೆ ಕೊಡಬೇಕು. ಕೊನೆಗೆ ನೆಲದ ಮೇಲೆ ಗೆರೆ ಎಳೆಯುವುದು ಸ್ಥಳೀಯ ಪಂಚಾಯಿತಿ. ದೇಶದಲ್ಲಿ ಅಂಥವು 2,100ಕ್ಕೂ ಹೆಚ್ಚಿವೆ, ಕೆಲವಕ್ಕೆ ಕೆಲವೇ ನೂರು ಜನ. ಪ್ರತಿ ತುಂಡು ನೆಲ ಕಟ್ಟಡ ವಲಯಕ್ಕೆ ಸೇರಿದ್ದೋ ಕೃಷಿ ವಲಯಕ್ಕೆ ಸೇರಿದ್ದೋ ಎಂದು ಪಂಚಾಯಿತಿಯ ನಕ್ಷೆ ಹೇಳುತ್ತದೆ. ಅನೇಕ ಊರುಗಳಲ್ಲಿ ಆ ನಕ್ಷೆಯನ್ನು ಊರವರೇ ಸಭೆ ಸೇರಿ ಮಂಜೂರು ಮಾಡುತ್ತಾರೆ. ನಮ್ಮಲ್ಲಿ ಡಿಸಿ ಕನ್ವರ್ಷನ್ ಎನ್ನುವಂತೆ ಒಬ್ಬ ಮಾಲೀಕ ತನ್ನ ಒಂದು ಎಕರೆಗೆ ಅರ್ಜಿ ಕೊಟ್ಟು ಬದಲಾಯಿಸಿಕೊಳ್ಳುವ ದಾರಿ ಅಲ್ಲಿಲ್ಲ. ಇಡೀ ಊರಿನ ನಕ್ಷೆ ಬದಲಾದರೆ ಮಾತ್ರ ಅವನ ಹೊಲ ಬದಲಾಗುತ್ತದೆ.

ಗೆರೆಯ ಈಚೆಗಿನ ನೆಲಕ್ಕೂ ಆಚೆಗಿನ ನೆಲಕ್ಕೂ ಬೆಲೆಯಲ್ಲಿ ಆಕಾಶಪಾತಾಳದ ಅಂತರ. ಕೃಷಿ ಭೂಮಿಗೆ ಚದರ ಮೀಟರಿಗೆ ಬೆರಳೆಣಿಕೆಯ ಫ್ರಾಂಕ್, ಪಕ್ಕದ ಕಟ್ಟಡ ವಲಯದಲ್ಲಿ ನೂರಾರು, ಜ್ಯೂರಿಕ್ ಸರೋವರದ ದಂಡೆಯಲ್ಲಿ ಸಾವಿರಾರು. 1994ರಿಂದ ಜಾರಿಯಲ್ಲಿರುವ ಇನ್ನೊಂದು ಕಾನೂನು ಕೃಷಿ ಭೂಮಿಯನ್ನು ಸಾಮಾನ್ಯವಾಗಿ ಸ್ವತಃ ಉಳುವವನೇ ಕೊಳ್ಳಬೇಕು, ಅದಕ್ಕೂ ಮಿತಿ ಮೀರಿದ ಬೆಲೆ ಕೊಡುವಂತಿಲ್ಲ ಎನ್ನುತ್ತದೆ. ಇದರಿಂದ ಹೊಲವನ್ನು ಸುಮ್ಮನೆ ಕೊಂಡು ಬೇಲಿ ಹಾಕಿಕೊಂಡು ಕಾಯುವವರಿಗೆ ಜಾಗವಿಲ್ಲದಾಯಿತು. ಇಂಥ ಬಿಗಿ ಇರುವುದರಿಂದಲೇ ಗೆರೆ ಒಂದು ಅಂಗುಲ ಆಚೆ ಸರಿದರೂ ಯಾರೋ ಒಬ್ಬರು ರಾತ್ರೋರಾತ್ರಿ ಶ್ರೀಮಂತರಾಗುತ್ತಾರೆ.

ಸಮಸ್ಯೆ ಬಂದದ್ದೂ ಅಲ್ಲಿಯೇ. ಮುಂದಿನ 15 ವರ್ಷಕ್ಕೆ ಬೇಕಾಗುವಷ್ಟೇ ಕಟ್ಟಡ ವಲಯ ಇರಬೇಕು ಎಂದು 1979ರ ಕಾನೂನು ಸ್ಪಷ್ಟವಾಗಿ ಹೇಳಿತ್ತು. ಆದರೆ ಗೆರೆ ಎಳೆಯುವ ಪೆನ್ಸಿಲು ಪಂಚಾಯಿತಿಯ ಕೈಯಲ್ಲಿತ್ತು. ಪಂಚಾಯಿತಿಗೆ ತೆರಿಗೆ ಕಟ್ಟುವ ಹೊಸ ನಿವಾಸಿಗಳು ಬೇಕು. ಸಭೆಯಲ್ಲಿ ಕೂತವರಲ್ಲಿ ಹೊಲದ ಮಾಲೀಕರೂ ಇರುತ್ತಾರೆ, ಅವರ ಷಡ್ಡಕ ಭಾವಮೈದುನರೂ ಇರುತ್ತಾರೆ. ಹೀಗಾಗಿ ಊರು ಊರಿನಲ್ಲೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಹೊಲ ಕಟ್ಟಡ ವಲಯವಾಗಿ ಕೂತಿತು. ನೀರಿನ ಟ್ಯಾಂಕಿಗೆ ಗಾತ್ರ ನಿಗದಿ ಮಾಡಿ ನಲ್ಲಿ ತಿರುಗಿಸುವ ಅಧಿಕಾರವನ್ನು ಬಾಯಾರಿದವನಿಗೇ ಬಿಟ್ಟ ಹಾಗೆ.

ಇದಕ್ಕೆ ರೈಲೂ ತನ್ನ ಪಾಲು ಸೇರಿಸಿತು. ಜ್ಯೂರಿಕ್ ಸುತ್ತಲಿನ ಎಸ್-ಬಾನ್ ಲೋಕಲ್ ರೈಲು ಜಾಲ 1990ರಲ್ಲಿ ಶುರುವಾದಾಗ ಅದು ಪರಿಸರದ ಗೆಲುವು ಎಂದೇ ಎಲ್ಲರೂ ಸಂಭ್ರಮಿಸಿದರು, ಹಾಗೆ ಸಂಭ್ರಮಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಇಪ್ಪತ್ತು ನಿಮಿಷದ ದೂರವಾಗಿಬಿಟ್ಟ ಹಳ್ಳಿಯಲ್ಲಿ ತೋಟವಿರುವ ಮನೆ ಯಾರಿಗೆ ಬೇಡ? ಒಳ್ಳೆಯ ರೈಲು ನಗರವನ್ನು ಗಟ್ಟಿಯಾಗಿ ಹಿಡಿದಿಡಬಲ್ಲದು, ಹೊರಗೆ ಗೆರೆ ಸಡಿಲವಾಗಿದ್ದರೆ ಅದೇ ರೈಲು ನಗರವನ್ನು ಹೊಲದೊಳಕ್ಕೆ ಚೆಲ್ಲಲೂಬಲ್ಲದು.

ಮೂವತ್ತು ವರ್ಷದ ಈ ಸಡಿಲತನದ ವಿರುದ್ಧ ಪರಿಸರ ಸಂಘಟನೆಗಳು ಸಹಿ ಸಂಗ್ರಹಿಸಿ ಜನರ ಮುಂದೆ ಒಂದು ಪ್ರಸ್ತಾವ ಇಟ್ಟವು: ಇಪ್ಪತ್ತು ವರ್ಷ ಕಾಲ ದೇಶದ ಒಟ್ಟು ಕಟ್ಟಡ ವಲಯ ಒಂದಿಂಚೂ ಹೆಚ್ಚಬಾರದು. ಹೆದರಿದ ಸಂಸತ್ತು ಅದಕ್ಕೆ ಬದಲಾಗಿ 1979ರ ಕಾನೂನನ್ನೇ ಬಿಗಿ ಮಾಡಿತು. 2013ರ ಮಾರ್ಚ್ 3ರ ಜನಮತದಲ್ಲಿ ಶೇ 62.9 ಮಂದಿ ಅದಕ್ಕೆ ಒಪ್ಪಿಗೆ ಕೊಟ್ಟರು. ಇದರಲ್ಲಿ ಎರಡು ಅಂಶಗಳನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಬೇರೆ ದೇಶಗಳು ಕಲಿಯಬೇಕಾದದ್ದು ಏನಾದರೂ ಇದ್ದರೆ ಅದು ಇಲ್ಲಿದೆ.

ಒಂದು, 15 ವರ್ಷದ ಬೇಡಿಕೆಗಿಂತ ಹೆಚ್ಚಾಗಿ ಇರುವ ಕಟ್ಟಡ ವಲಯವನ್ನು ವಾಪಸ್ ಹೊಲ ಮಾಡಲೇಬೇಕು. ನಿನ್ನೆಯವರೆಗೆ ಚದರ ಮೀಟರಿಗೆ ಮುನ್ನೂರು ಫ್ರಾಂಕ್ ಬಾಳುತ್ತಿದ್ದ ಅಜ್ಜನ ಕಾಲದ ತುಂಡು ಇವತ್ತು ಐದು ಫ್ರಾಂಕಿನ ಹುಲ್ಲುಗಾವಲಾಗುತ್ತದೆ ಎಂದರೆ ಯಾರ ಕರುಳಾದರೂ ಚುರ್ ಎನ್ನುತ್ತದೆ. ಪರಿಹಾರ ಸಿಗುತ್ತದೆಯೇ ಎಂಬುದು ಸುಲಭದ ಪ್ರಶ್ನೆಯಲ್ಲ. ಮೊದಲ ಸಲ ಗೆರೆ ಎಳೆದದ್ದೇ ಕಾನೂನಿಗೆ ಮೀರಿ ದೊಡ್ಡದಾಗಿದ್ದರೆ ಆ ನೆಲ ನಿಜವಾದ ಅರ್ಥದಲ್ಲಿ ಕಟ್ಟಡ ವಲಯವಾಗಿಯೇ ಇರಲಿಲ್ಲ, ಆದ್ದರಿಂದ ಪರಿಹಾರವೂ ಇಲ್ಲ ಎಂಬುದು ಅಲ್ಲಿನ ನ್ಯಾಯಾಲಯಗಳು ಬೆಳೆಸಿಕೊಂಡು ಬಂದ ತರ್ಕ. ಈ ಹೊಡೆತ ಎಲ್ಲರಿಗಿಂತ ಹೆಚ್ಚು ಬಿದ್ದದ್ದು ವಾಲೆ ಕ್ಯಾಂಟನ್‌ಗೆ. ಮ್ಯಾಟರ್‌ಹಾರ್ನ್ ಶಿಖರದ ನಾಡು ಅದು. ಅಲ್ಲಿ ಪ್ರತಿ ಕುಟುಂಬಕ್ಕೂ ಮಕ್ಕಳಿಗೆಂದು ಎತ್ತಿಟ್ಟ ಒಂದು ತುಂಡು ನೆಲ ಇರುವುದು ಸಂಪ್ರದಾಯ. 2013ರಲ್ಲಿ ಬೇಡ ಎಂದ ಏಕೈಕ ಕ್ಯಾಂಟನ್ ಅದೇ. ಅವರ ಸಿಟ್ಟನ್ನು ದುರಾಸೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಪಿಂಚಣಿಯಂತೆ ನಂಬಿಕೊಂಡಿದ್ದದ್ದು ಒಂದು ನಕ್ಷೆಯ ತಿದ್ದುಪಡಿಯಲ್ಲಿ ಹೋದಾಗ ಆಗುವ ನೋವು ನಿಜವಾದದ್ದು. ಆದರೆ ಆ ಬೆಲೆ ಬಂದದ್ದು ಮಣ್ಣಿನಿಂದಲ್ಲ, ಊರು ಎಳೆದ ಗೆರೆಯಿಂದ ಎಂಬುದೂ ಅಷ್ಟೇ ನಿಜ.

ಎರಡನೆಯದು ಅದೇ ಮಾತಿನ ಮೇಲೆ ನಿಂತಿದೆ. ಹೊಲ ಹೊಸದಾಗಿ ಕಟ್ಟಡ ವಲಯವಾದರೆ ಏರಿದ ಬೆಲೆಯಲ್ಲಿ ಕನಿಷ್ಠ ಶೇ 20ನ್ನು ಮಾಲೀಕ ಸರ್ಕಾರಕ್ಕೆ ಕೊಡಬೇಕು. ಹೊಲದ ಬೆಲೆ ಏರಿದ್ದು ಅವನ ದುಡಿಮೆಯಿಂದಲ್ಲ, ಸಮಾಜ ತೆಗೆದುಕೊಂಡ ತೀರ್ಮಾನದಿಂದ, ಆದ್ದರಿಂದ ಸಮಾಜಕ್ಕೆ ಅದರಲ್ಲಿ ಪಾಲು. ಗೆರೆ ಕುಗ್ಗಿಸಿದ ಕಡೆ ಪರಿಹಾರ ಕೊಡಬೇಕಾಗಿ ಬಂದರೆ ಮೊದಲು ಆ ಹಣದಿಂದಲೇ ಕೊಡಬೇಕು. ಒಬ್ಬನ ಅದೃಷ್ಟದಿಂದ ಇನ್ನೊಬ್ಬನ ನಷ್ಟ ತುಂಬುವ ಈ ಲೆಕ್ಕ ನನಗೆ ನ್ಯಾಯವಾಗಿ ಕಾಣುತ್ತದೆ. ಕ್ಯಾಂಟನ್‌ಗಳಿಗೆ ಇದನ್ನೆಲ್ಲ ಜಾರಿ ಮಾಡಲು ಐದು ವರ್ಷ ಕೊಟ್ಟರು. 2019ರ ಮೇ ತಿಂಗಳಿಗೆ ತಯಾರಾಗದವರಿಗೆ ಹೊಸ ಕಟ್ಟಡ ವಲಯ ಸೇರಿಸುವುದೇ ಬಂದ್ ಆಯಿತು. ಜ್ಯೂರಿಕ್, ಜಿನೀವಾದಂಥ ಬಲಿಷ್ಠ ಕ್ಯಾಂಟನ್‌ಗಳಿಗೂ ರಿಯಾಯಿತಿ ಸಿಗಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಯುವ ಹಸಿರುವಾದಿಗಳು ಕಟ್ಟಡ ವಲಯವನ್ನು ಶಾಶ್ವತವಾಗಿ ಸ್ಥಗಿತಗೊಳಿಸುವ ಇನ್ನೂ ಕಠಿಣ ಪ್ರಸ್ತಾವ ತಂದಾಗ ಶೇ 63.7 ಮಂದಿ ಬೇಡ ಎಂದರು. ಬಿಗಿ ಬೇಕು, ಉಸಿರುಗಟ್ಟುವಷ್ಟು ಬೇಡ ಎಂಬುದು ಅವರ ತೀರ್ಪು.

ಬೆಟ್ಟದ ಊರುಗಳಲ್ಲಿ ಇನ್ನೊಂದು ಕಾಯಿಲೆ ಇತ್ತು. ಅಲ್ಲಿನ ಜನ ಅದಕ್ಕೆ ‘ತಣ್ಣನೆ ಹಾಸಿಗೆ’ ಎನ್ನುತ್ತಾರೆ. ನಗರದವರು, ಹೊರದೇಶದವರು ರಜೆಗೆಂದು ಕಟ್ಟಿಸಿಕೊಂಡ ಮನೆಗಳು ವರ್ಷದಲ್ಲಿ ಮೂರು ನಾಲ್ಕು ವಾರ ಬಿಟ್ಟರೆ ಬಾಗಿಲು ಹಾಕಿರುತ್ತವೆ. ಆದರೆ ಅವುಗಳಿಗೂ ರಸ್ತೆ ಬೇಕು, ನೀರು ಬೇಕು, ಹುಲ್ಲುಗಾವಲಿನಲ್ಲಿ ಜಾಗ ಬೇಕು. ಇದರ ವಿರುದ್ಧ ನಿಂತವರು ಪರಿಸರ ಹೋರಾಟಗಾರ ಫ್ರಾಂಜ್ ವೆಬರ್. ಜಿನೀವಾ ಸರೋವರದ ದಂಡೆಯ ಲಾವೋ ಎಂಬ ದ್ರಾಕ್ಷಿಯ ಮೆಟ್ಟಿಲು ತೋಟಗಳನ್ನು ಮನೆಗಳಿಂದ ಉಳಿಸಲು 1977ರಲ್ಲಿ ತಮ್ಮ ಕ್ಯಾಂಟನ್‌ನಲ್ಲಿ ಜನಮತ ಗೆದ್ದವರು ಅವರು. 2007ರಲ್ಲಿ ಅದೇ ತೋಟಗಳು ಯುನೆಸ್ಕೊ ಪಟ್ಟಿ ಸೇರಿದವು. 2012ರ ಮಾರ್ಚ್ 11ರಂದು ಅವರ ಇನ್ನೊಂದು ಪ್ರಸ್ತಾವಕ್ಕೆ ಇಡೀ ದೇಶ ಮತ ಹಾಕಿತು: ಯಾವ ಊರಿನಲ್ಲೂ ಎರಡನೇ ಮನೆಗಳ ಪಾಲು ಶೇ 20 ಮೀರಬಾರದು. ಅದು ಗೆದ್ದದ್ದು ಶೇ 50.6 ಮತಗಳಿಂದ. ಮಿತಿ ಮೀರಿದ ಊರುಗಳಲ್ಲಿ ಹೊಸ ರಜಾಮನೆಗೆ ಅನುಮತಿ ನಿಂತಿತು. ಇವತ್ತಿಗೂ ಅಂಥ ಪಂಚಾಯಿತಿಗಳು 300ಕ್ಕೂ ಹೆಚ್ಚಿವೆ.

ಗೆಲುವಿನ ಕಥೆ ಅಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಹೊಸ ರಜಾಮನೆ ಕಟ್ಟುವಂತಿಲ್ಲ ಎಂದಾದಾಗ ದುಡ್ಡಿದ್ದವರು ಹಳೆಯ ಮನೆಗಳ ಕಡೆ ತಿರುಗಿದರು. 2012ಕ್ಕಿಂತ ಮೊದಲು ಕಟ್ಟಿದ ಮನೆಯನ್ನು ವಾಸಕ್ಕೂ ಬಳಸಬಹುದು, ರಜಾಮನೆಯಾಗಿಯೂ ಬಳಸಬಹುದು. ಊರಿನ ಮೇಷ್ಟರೋ ಬಸ್ ಚಾಲಕನೋ ಬಾಡಿಗೆಗಿದ್ದ ಮನೆ ಮಾರಾಟವಾಗಿ ತಣ್ಣನೆ ಹಾಸಿಗೆಯಾಯಿತು. ಸೇಂಟ್ ಮೊರಿಟ್ಜ್ ಇರುವ ಎಂಗಡೀನ್ ಕಣಿವೆಯಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ಮನೆ ಮಾಡುವುದು ಕಷ್ಟವಾಗಿದೆ. ನೆಲ ಉಳಿಯಿತು, ನೆಲದ ಮಕ್ಕಳು ಕೆಳಗಿನ ಕಣಿವೆಗೆ ಇಳಿದರು. ಹುಲ್ಲುಗಾವಲು ಕಾಯುವ ಕಾನೂನಿಗೆ ಊರನ್ನು ಕಾಯುವ ಶಕ್ತಿ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆಯೇ ಏರ್ಪಾಡು ಬೇಕು ಎಂದು ಅವರಿಗೆ ಈಗ ಅರಿವಾಗಿದೆ.

ಗೆರೆಯೊಳಗೆ ಏನಾಗುತ್ತದೆ ಎಂಬ ಪ್ರಶ್ನೆ ನಗರಗಳಲ್ಲೂ ಅಷ್ಟೇ ತೀವ್ರ. ಊರು ಹೊರಕ್ಕೆ ಬೆಳೆಯುವಂತಿಲ್ಲವಾದರೆ ಒಳಕ್ಕೆ ಬೆಳೆಯಬೇಕು. ಹಳೆಯ ಕಾರ್ಖಾನೆಯ ಜಾಗ, ರೈಲ್ವೆಯ ಖಾಲಿ ಯಾರ್ಡು, ಎರಡಂತಸ್ತಿನ ಮನೆಗಳ ಬೀದಿ, ಇವೆಲ್ಲ ಎತ್ತರವಾಗಬೇಕು. ಬರ್ನ್ ಪಕ್ಕದ ಕೋನಿಟ್ಜ್ ಪಟ್ಟಣ ಹೊಲಗಳನ್ನು ಮುಟ್ಟದೆ ಹೀಗೆ ಬೆಳೆದದ್ದಕ್ಕೆ 2012ರಲ್ಲಿ, ಚೆನ್ನಾಗಿ ಬೆಳೆದ ಊರುಗಳಿಗೆ ಕೊಡುವ ವಾಕರ್ ಪ್ರಶಸ್ತಿ ಪಡೆಯಿತು. ಜ್ಯೂರಿಕ್‌ನ ಪಶ್ಚಿಮದಲ್ಲಿ ಯಂತ್ರ ಕಾರ್ಖಾನೆಗಳಿದ್ದ ಬಡಾವಣೆಯಲ್ಲಿ ಈಗ 126 ಮೀಟರ್ ಎತ್ತರದ ಪ್ರೈಮ್ ಟವರ್ ನಿಂತಿದೆ. ಖಾಲಿ ಕಾರ್ಖಾನೆ ಮುಗಿದ ಮೇಲೆ ಸರದಿ ಬಂದದ್ದು ಜನವಿರುವ ಮನೆಗಳಿಗೆ. ಕಡಿಮೆ ಬಾಡಿಗೆಯ ಹಳೆಯ ವಠಾರವನ್ನು ಪೂರ್ತಿ ತೆರವು ಮಾಡಿಸಿ, ಒಡೆದು, ಹೆಚ್ಚು ಮನೆಗಳಿರುವ ಹೊಸ ಕಟ್ಟಡ ಎಬ್ಬಿಸುತ್ತಾರೆ. ಹಳೆಯ ಬಾಡಿಗೆದಾರರು ಅಲ್ಲಿಗೆ ಮರಳುವುದು ಅಪರೂಪ. 2024ರ ಜೂನ್ ಎಣಿಕೆಯಲ್ಲಿ ಜ್ಯೂರಿಕ್ ನಗರದ ಒಟ್ಟು ಮನೆಗಳಲ್ಲಿ ಖಾಲಿ ಇದ್ದದ್ದು ಶೇ 0.07. ಮೂವತ್ತು ವರ್ಷ ಇದ್ದ ಮನೆಯಿಂದ ಎದ್ದು ಹೊರಟ ಎಪ್ಪತ್ತು ದಾಟಿದ ಹೆಂಗಸಿಗೆ, ಹೊಲ ಉಳಿಯಿತು ಎಂಬ ಸಮಾಧಾನ ಸಾಕಾಗುವುದಿಲ್ಲ. ವಸತಿ ಸಹಕಾರ ಸಂಘಗಳ ಮನೆಗಳು ಲಾಭಕ್ಕಲ್ಲದೆ ಖರ್ಚಿಗೆ ತಕ್ಕ ಬಾಡಿಗೆಗೆ ಸಿಗುತ್ತವೆ. ಅಂಥ ಮನೆಗಳ ಪಾಲನ್ನು ಮೂರನೇ ಒಂದಕ್ಕೆ ಏರಿಸಬೇಕೆಂದು ಜ್ಯೂರಿಕ್ ನಗರದ ಜನ 2011ರಲ್ಲೇ ಮತ ಹಾಕಿದ್ದಾರೆ. ಆ ಗುರಿ ಇನ್ನೂ ದೂರದಲ್ಲಿದೆ. ಒತ್ತಾಗಿ ಕಟ್ಟಿದ ನಗರ ಬೇಸಿಗೆಯಲ್ಲಿ ಬಿಸಿಯೇರುತ್ತದೆ ಎಂಬುದೂ ಈಗ ದೊಡ್ಡ ಚಿಂತೆ. ಬಾಸೆಲ್ ನಗರ 2002ರಿಂದಲೇ ಹೊಸ ಸಮತಟ್ಟಾದ ತಾರಸಿಗಳ ಮೇಲೆ ಗಿಡಹುಲ್ಲು ಬೆಳೆಸುವುದನ್ನು ಕಡ್ಡಾಯ ಮಾಡಿದೆ.

ಗೆರೆಯ ಆಚೆಯೂ ನೆಲ ಖಾಲಿ ಇಲ್ಲ. ಕಟ್ಟಡ ವಲಯದ ಹೊರಗೆ ದೇಶದಲ್ಲಿ ಸುಮಾರು 6 ಲಕ್ಷ ಕಟ್ಟಡಗಳಿವೆ: ಕೊಟ್ಟಿಗೆ, ಹುಲ್ಲು ಕೂಡಿಡುವ ಮನೆ, ತೋಟದ ಮನೆ, ಕೇಬಲ್ ಕಾರಿನ ನಿಲ್ದಾಣ. ರೈತ ಕಡಿಮೆಯಾದಂತೆ ಕೊಟ್ಟಿಗೆಗಳು ಪಾಳುಬಿದ್ದವು, ಅವನ್ನು ವಾಸದ ಮನೆ ಮಾಡುವ ಒತ್ತಡ ಬೆಳೆಯಿತು, ಒಂದಾದ ಮೇಲೆ ಒಂದು ವಿನಾಯಿತಿ ಸೇರಿ ಗೆರೆ ತೂತುತೂತಾಯಿತು. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಇನ್ನೊಂದು ತಿದ್ದುಪಡಿ ಮಾಡಿ ಈ ಕಟ್ಟಡಗಳ ಸಂಖ್ಯೆ ಇನ್ನು ಏರದಂತೆ ನೋಡಿಕೊಳ್ಳಬೇಕೆಂದು ಕ್ಯಾಂಟನ್‌ಗಳಿಗೆ ಹೇಳಿತು. ಅದರಲ್ಲಿರುವ ಒಂದು ಉಪಾಯ ನನ್ನ ಗಮನ ಸೆಳೆಯಿತು. ಗೆರೆಯಾಚೆಗಿನ ಹಳೆಯ ಕಟ್ಟಡವನ್ನು ಒಡೆದು, ಅದರ ಬದಲಿಗೆ ಇನ್ನೊಂದು ಕಟ್ಟದಿದ್ದರೆ, ಒಡೆಯುವ ಖರ್ಚು ಸರ್ಕಾರದ್ದು. ಕಟ್ಟುವವರಿಗೆ ಸಹಾಯಧನ ಕೊಡುವ ಸರ್ಕಾರಗಳು ಎಲ್ಲೆಡೆ ಇವೆ. ಇಲ್ಲಿ ನೆಲವನ್ನು ಮತ್ತೆ ಹುಲ್ಲಿಗೆ ಬಿಟ್ಟುಕೊಡುವವರಿಗೆ ಸಹಾಯಧನ.

ಆ ಹುಲ್ಲೂ ತಾನಾಗಿ ಬೆಳೆದು ನಿಂತದ್ದಲ್ಲ. ಆಲ್ಪ್ಸ್‌ನ ಇಳಿಜಾರಿನಲ್ಲಿ ಕೊಯ್ಯುವುದನ್ನು, ಮೇಯಿಸುವುದನ್ನು ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಪೊದೆ ಹಬ್ಬುತ್ತದೆ, ಆಮೇಲೆ ಕಾಡು. ಹೂವಿನ ಹುಲ್ಲುಗಾವಲಿನ ನೂರಾರು ಜಾತಿಯ ಗಿಡ ಮತ್ತು ಚಿಟ್ಟೆಗಳು ಪೊದೆಯ ನೆರಳಿನಲ್ಲಿ ಉಳಿಯುವುದಿಲ್ಲ. ಯಂತ್ರ ಹತ್ತದ ಕಡಿದಾದ ಜಾಗದಲ್ಲಿ ಇವತ್ತಿಗೂ ಕುಡುಗೋಲಿನಲ್ಲಿ ಹುಲ್ಲು ಕೊಯ್ಯುವ ರೈತರಿದ್ದಾರೆ. ಹಾಲಿನ ಬೆಲೆಯೊಂದರಿಂದ ಅವರ ಬದುಕು ನಡೆಯುವುದಿಲ್ಲ. 1996ರ ಜನಮತದಿಂದ ಸಂವಿಧಾನವೇ ನಾಡಿನ ಭೂದೃಶ್ಯವನ್ನು ನೋಡಿಕೊಳ್ಳುವುದು ರೈತನ ಕೆಲಸಗಳಲ್ಲೊಂದು ಎಂದು ಒಪ್ಪಿಕೊಂಡಿದೆ. ವರ್ಷಕ್ಕೆ ಸುಮಾರು 280 ಕೋಟಿ ಫ್ರಾಂಕ್ ನೇರ ಪಾವತಿ ರೈತರಿಗೆ ಹೋಗುತ್ತದೆ, ಇಳಿಜಾರು ಕಡಿದಾದಷ್ಟೂ ಹೆಚ್ಚು.

ನದಿಗಳಿಗೂ ಈಗ ಗೆರೆ ಇದೆ, ಆದರೆ ತಿರುವುಮುರುವಾಗಿ. ಹಿಂದೆ ನದಿಯನ್ನು ಕಾಲುವೆಯಂತೆ ನೇರ ಮಾಡಿ ಪಕ್ಕದ ನೆಲವನ್ನು ಮನುಷ್ಯ ತೆಗೆದುಕೊಂಡಿದ್ದ. 2011ರ ಕಾನೂನಿನಡಿ ಪ್ರತಿ ಹೊಳೆಯ ಇಕ್ಕೆಲದಲ್ಲೂ ಅದಕ್ಕೆಂದೇ ಜಾಗ ಬಿಡಬೇಕು. ಸುಮಾರು 4,000 ಕಿಲೋಮೀಟರ್ ಹೊಳೆಗಳನ್ನು 80 ವರ್ಷಗಳಲ್ಲಿ ಮತ್ತೆ ಸಹಜವಾಗಿ ಹರಿಯಬಿಡಬೇಕು. ಎಂಬತ್ತು ವರ್ಷದ ಯೋಜನೆಯನ್ನು ಕಾನೂನಿನಲ್ಲಿ ಬರೆಯುವ ಧೈರ್ಯ ದೊಡ್ಡದು.

ಇಷ್ಟೆಲ್ಲ ಗೆರೆಗಳ ಮೇಲೆ ಈಗ ಬೆಟ್ಟ ತನ್ನದೇ ಗೆರೆ ಎಳೆಯುತ್ತಿದೆ. 1951ರ ಚಳಿಗಾಲದಲ್ಲಿ ಹಿಮಪಾತಗಳಿಗೆ ಆ ದೇಶದಲ್ಲಿ 98 ಜನ ಬಲಿಯಾದ ಮೇಲೆ ಅಪಾಯದ ನಕ್ಷೆಗಳ ಕೆಲಸ ಬಿರುಸಾಯಿತು. ಈಗ ಹಿಮ, ನೆರೆ, ಭೂಕುಸಿತ, ಬಂಡೆ ಉರುಳುವಿಕೆ ಎಲ್ಲಕ್ಕೂ ಬಣ್ಣದ ನಕ್ಷೆಗಳಿವೆ. ಕೆಂಪು ಬಳಿದ ಕಡೆ ಹೊಸ ಮನೆ ಇಲ್ಲ. ನೀಲಿಯಲ್ಲಿ ಗಟ್ಟಿ ಗೋಡೆಯಂಥ ಷರತ್ತುಗಳೊಂದಿಗೆ ಕಟ್ಟಬಹುದು. ಹಳದಿಯಲ್ಲಿ ಎಚ್ಚರಿಕೆ ಮಾತ್ರ. ಆದರೆ ಈ ನಕ್ಷೆಗಳು ನಿಂತಿರುವುದು ಹಿಂದೆ ಆದದ್ದರ ನೆನಪಿನ ಮೇಲೆ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಶೇ 10ರಷ್ಟು ಮಂಜನ್ನು ಕಳೆದುಕೊಂಡವು. ಎತ್ತರದ ಬಂಡೆಗಳನ್ನು ಸಿಮೆಂಟಿನಂತೆ ಹಿಡಿದಿಟ್ಟಿದ್ದ ಒಳಗಿನ ಹೆಪ್ಪುಗಟ್ಟಿದ ಮಂಜು ಕರಗುತ್ತಿದೆ. ಹಿಂದೆಂದೂ ಆಗದಿದ್ದದ್ದು ಈಗ ಆಗಬಹುದು.

2025ರ ಮೇ 28ರ ಮಧ್ಯಾಹ್ನ ವಾಲೆ ಕ್ಯಾಂಟನ್‌ನ ಲೋಚನ್ ಕಣಿವೆಯಲ್ಲಿ ಅದೇ ಆಯಿತು. ಮೇಲಿನ ಶಿಖರದಿಂದ ಬಂಡೆಗಳು ದಿನಗಟ್ಟಲೆ ಬಿರ್ಷ್ ಹಿಮನದಿಯ ಮೇಲೆ ಬಿದ್ದು ಭಾರ ಹೇರಿದ್ದವು. ಕೊನೆಗೆ ಹಿಮನದಿಯೇ ಮುರಿದು ಬಂಡೆ ಮಂಜು ಮಣ್ಣು ಎಲ್ಲ ಒಟ್ಟಿಗೆ ಇಳಿದು ಬ್ಲಾಟನ್ ಎಂಬ ಹಳ್ಳಿಯ ಶೇ 90ರಷ್ಟನ್ನು ಮುಚ್ಚಿತು. ನದಿ ಕಟ್ಟಿಕೊಂಡು ಉಳಿದ ಮನೆಗಳಲ್ಲಿ ಅನೇಕವು ಮುಳುಗಿದವು. ಬೆಟ್ಟವನ್ನು ಹಗಲಿರುಳು ಅಳೆಯುತ್ತಿದ್ದವರ ಎಚ್ಚರಿಕೆಯಿಂದ ಸುಮಾರು 300 ಜನರನ್ನು ಒಂಬತ್ತು ದಿನ ಮೊದಲೇ ಹೊರಗೆ ಕಳಿಸಿದ್ದರು. ಆದರೂ ಒಬ್ಬರು ತೀರಿಕೊಂಡರು. ಸರ್ಕಾರ, ಪಂಚಾಯಿತಿ ಇಬ್ಬರೂ ಅದೇ ಕಣಿವೆಯಲ್ಲಿ ಊರನ್ನು ಮತ್ತೆ ಕಟ್ಟುವ ಮಾತಾಡಿದರು. ನಾಲ್ಕೇ ದಿನದಲ್ಲಿ ನಗರಗಳ ಪತ್ರಿಕೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಎದ್ದಿತು: ಇಂಥ ಎತ್ತರದ ಕಣಿವೆಗಳಿಗೆ ಎಷ್ಟು ದುಡ್ಡು ಸುರಿಯುವುದು? ಆ ಪ್ರಶ್ನೆ ಕೇಳುವವರು ಕುಡುಗೋಲು ಹಿಡಿದವರನ್ನು ಮರೆತಿದ್ದಾರೆ ಎಂದು ನನ್ನ ಅನಿಸಿಕೆ. ಕಣಿವೆಯ ಜನ ಇಳಿದು ಹೋದರೆ ಆ ಹುಲ್ಲುಗಾವಲನ್ನು ಯಾವ ಕಾನೂನೂ ಕೊಯ್ಯುವುದಿಲ್ಲ.

ಪೂರ್ವದ ಗ್ರೌಬುಂಡೆನ್ ಕ್ಯಾಂಟನ್‌ನಲ್ಲಿ ಬ್ರಿಯೆಂಟ್ಜ್ ಎಂಬ ಪುಟ್ಟ ಊರಿದೆ. ಊರು ಕೂತ ಇಳಿಜಾರೇ ನಿಧಾನವಾಗಿ ಕೆಳಗೆ ಜಾರುತ್ತಿದೆ, ಮೇಲಿನ ಬೆಟ್ಟವೂ ಒಡೆಯುತ್ತಿದೆ. 2023ರ ಮೇ ತಿಂಗಳಲ್ಲಿ ಜನರನ್ನು ಹೊರಡಿಸಿದರು. ಜೂನ್ ತಿಂಗಳ ಒಂದು ರಾತ್ರಿ ಬಂಡೆಗಳ ಪ್ರವಾಹ ಇಳಿದು ಶಾಲೆಯ ಮುಂದೆ ರಸ್ತೆಯ ಮೇಲೆ ಬಂದು ನಿಂತಿತು. ಜನ ಮರಳಿದರು, 2024ರ ನವೆಂಬರಿನಲ್ಲಿ ಮತ್ತೆ ಹೊರಡಬೇಕಾಯಿತು. ಬೆಟ್ಟದೊಳಗಿನ ನೀರನ್ನು ಹೊರಹಾಕಲು ಸುರಂಗ ಕೊರೆಯುವ ಕೆಲಸ ಒಂದು ಕಡೆ, ಊರನ್ನೇ ಬಿಟ್ಟು ಹತ್ತಿರದಲ್ಲೆಲ್ಲಾದರೂ ನೆಲೆಸಲು ಬಯಸುವವರಿಗೆ ಜಾಗ ಹುಡುಕುವ ಕೆಲಸ ಇನ್ನೊಂದು ಕಡೆ. ಹೊಸ ಮನೆಗಳಿಗೆ ಹೊಸ ಕಟ್ಟಡ ವಲಯ ಬೇಕು. ಆ ಇಳಿಜಾರುಗಳಲ್ಲಿ ಸುರಕ್ಷಿತವೂ ಸಮತಟ್ಟೂ ಆದ ನೆಲ ಇರುವುದು ಕೆಲವೇ ಕಡೆ. ಅಲ್ಲೆಲ್ಲ ಈಗ ಹುಲ್ಲು ಬೆಳೆದಿದೆ.